ಬಾರ್ಬಡೋಸ್‌ನಲ್ಲಿ ಹಡಗು ನಿಂತ ಒಂದು ಹಗಲು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೂಸ್ ಹಡಗುಗಳು ಸಾಮಾನ್ಯವಾಗಿ ಬೆಳಿಗ್ಗೆ ಏಳೆಂಟಕ್ಕೆ ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನ ರಾಜಧಾನಿ ಬ್ರಿಡ್ಜ್‌ಟೌನ್ ಬಂದರಿಗೆ ಬಂದು ಸಂಜೆ ಐದಾರಕ್ಕೆ ಹೊರಟುಬಿಡುತ್ತವೆ. ಇಳಿಯುವ, ಹತ್ತುವ ಗಡಿಬಿಡಿ ಕಳೆದರೆ ಕೈಗೆ ಸಿಗುವುದು ಆರೇಳು ಗಂಟೆ. ಕೆಳಗಿನ ಉತ್ತರಗಳೆಲ್ಲ ಆ ಲೆಕ್ಕದಲ್ಲೇ ಇವೆ.

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕೆ?

ಬಾರ್ಬಡೋಸ್ ಪ್ರವಾಸಿಗಳಾಗಿ ಬರುವ ಭಾರತೀಯರಿಂದ ವೀಸಾ ಕೇಳುವುದಿಲ್ಲ. ತೊಡಕು ಇರುವುದು ಹಡಗು ಹೊರಡುವ ಊರಿನಲ್ಲಿ. ಮಯಾಮಿಯಿಂದಲೋ ಅಮೆರಿಕಕ್ಕೇ ಸೇರಿದ ಪೋರ್ಟೊ ರಿಕೊದ ಸಾನ್ ವಾನ್‌ನಿಂದಲೋ ಹೊರಟು ಅಲ್ಲಿಗೇ ಮರಳುವ ಹಡಗಾದರೆ ನೀವು ಅಮೆರಿಕದಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದ ಹಾಗೆ. ಅಮೆರಿಕದಲ್ಲಿರುವ ನಿಮ್ಮನ್ನು ನೋಡಲು ಬೆಂಗಳೂರಿನಿಂದ ಬಂದ ಅಪ್ಪ-ಅಮ್ಮನ ಬಿ1/ಬಿ2 (ಪ್ರವಾಸಿ) ವೀಸಾ ಮಲ್ಟಿಪಲ್ ಎಂಟ್ರಿ ಆಗಿರಲೇಬೇಕು.

ಎಚ್-1ಬಿ ಕೆಲಸದ ವೀಸಾದವರು ಎಡವುವುದು ಇಲ್ಲೇ. ಪಾಸ್‌ಪೋರ್ಟಿನಲ್ಲಿ ವೀಸಾ ಅವಧಿ ಮುಗಿದು ಐ-94 (ಅಮೆರಿಕದಲ್ಲಿ ಇರಲು ಕೊಟ್ಟ ಅವಧಿಯ ದಾಖಲೆ) ಮಾತ್ರ ಚಾಲ್ತಿಯಲ್ಲಿದ್ದರೂ ಕೆನಡಾ ಅಥವಾ ಮೆಕ್ಸಿಕೊಗೆ 30 ದಿನದೊಳಗೆ ಹೋಗಿಬರಲು ಒಂದು ವಿನಾಯಿತಿ ಇದೆ. ಕೆರಿಬಿಯನ್ನೂ ಪಕ್ಕದ್ದೇ ತಾನೇ ಎಂದು ಅದನ್ನು ನಂಬಿ ಹಡಗು ಹತ್ತಬೇಡಿ. ಬಾರ್ಬಡೋಸ್, ಬಹಾಮಾಸ್, ಜಮೈಕಾದಂಥ ದ್ವೀಪಗಳಿಗೂ ಆ ವಿನಾಯಿತಿ ಅನ್ವಯಿಸುವುದು ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ. ಎಚ್-1ಬಿಯವರಿಗೂ ಅವರ ಕುಟುಂಬದ ಎಚ್-4ನವರಿಗೂ ಇಲ್ಲ. ಟಿಕೆಟ್ ಬುಕ್ ಮಾಡುವ ಮುಂಚೆಯೇ ಕಂಪನಿಯ ವಕೀಲರನ್ನು ಒಂದು ಮಾತು ಕೇಳಿಬಿಡಿ. ಗ್ರೀನ್ ಕಾರ್ಡ್ ಇದ್ದವರು ಅಸಲಿ ಕಾರ್ಡು, ಪಾಸ್‌ಪೋರ್ಟು ಎರಡನ್ನೂ ತರಬೇಕು. ಫೋನಿನಲ್ಲಿರುವ ಫೋಟೊ ನಡೆಯುವುದಿಲ್ಲ.

ದಾರಿಯ ಬೇರೆ ಬಂದರುಗಳನ್ನೂ ನೋಡಿಕೊಳ್ಳಿ. ಮಾರ್ಟಿನಿಕ್, ಗ್ವಾಡಲೂಪ್ ಫ್ರಾನ್ಸಿಗೆ ಸೇರಿದವು. ಆದರೂ ಯುರೋಪಿನ ಮಾಮೂಲಿ ಷೆಂಗೆನ್ ವೀಸಾ ಅಲ್ಲಿಗೆ ತಾನಾಗಿ ನಡೆಯುವುದಿಲ್ಲ.

ಹಡಗಿನಿಂದ ಊರಿಗೆ ನಡೆದೇ ಹೋಗಬಹುದೆ?

ಹೋಗಬಹುದು. ಇಲ್ಲಿ ಹಡಗು ದಡಕ್ಕೇ ತಾಗಿ ನಿಲ್ಲುತ್ತದೆ. ಗ್ರ್ಯಾಂಡ್ ಕೇಮನ್‌ನಂತೆ ಚಿಕ್ಕ ದೋಣಿಗೆ ಸಾಲು ನಿಲ್ಲುವ ಕೆಲಸವಿಲ್ಲ. 1961ರಲ್ಲಿ ಶುರುವಾದ ಈ ಆಳನೀರಿನ ಬಂದರಿನಲ್ಲಿ ಸರಕಿನ ಹಡಗುಗಳೂ ನಿಲ್ಲುವುದರಿಂದ ಕೆಲವೊಮ್ಮೆ ಕ್ರೂಸ್‌ಗೆ ದೂರದ ಜಾಗ ಸಿಗುತ್ತದೆ. ಆಗ ಟರ್ಮಿನಲ್ ತನಕ ಬಸ್ ಬಿಡುತ್ತಾರೆ. ಟರ್ಮಿನಲ್‌ನಿಂದ ಊರಿನ ನಡುಭಾಗಕ್ಕೆ ಸುಮಾರು ಒಂದೂವರೆ ಕಿಲೋಮೀಟರ್, 20 ನಿಮಿಷದ ನಡಿಗೆ. ದಾರಿ ಸಪಾಟು, ಆದರೆ ನೆರಳು ಕಡಿಮೆ. ಹತ್ತು ಗಂಟೆಯ ಮೇಲೆ ಟೋಪಿ ಇಲ್ಲದೆ ಹೊರಟರೆ ಊರು ಸೇರುವ ಹೊತ್ತಿಗೇ ಅರ್ಧ ಉತ್ಸಾಹ ಇಳಿದಿರುತ್ತದೆ.

ಫೋನಿನ ಗಡಿಯಾರ ನೋಡಿ ವಾಪಸಾದರೆ ಸಾಕಲ್ಲ?

ಸಾಲದು. ಹಡಗು ಹೊರಡುವುದು ಹಡಗಿನ ಸಮಯಕ್ಕೆ, ದ್ವೀಪದ ಸಮಯಕ್ಕಲ್ಲ. ಬಾರ್ಬಡೋಸ್ ವರ್ಷವಿಡೀ ಭಾರತಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿ ಅಲ್ಲಿಲ್ಲ. ಚಳಿಗಾಲದಲ್ಲಿ ಮಯಾಮಿ ಸಮಯವನ್ನೇ ಇಟ್ಟುಕೊಂಡು ಬಂದ ಹಡಗಿನಲ್ಲಿ ಗಂಟೆ ನಾಲ್ಕಾದರೆ ದ್ವೀಪದಲ್ಲಿ ಐದು. ಈ ವ್ಯತ್ಯಾಸದಿಂದ ನಿಮಗೆ ನಷ್ಟವಿಲ್ಲ, ಬೇಗ ಬಂದು ಕೂರುತ್ತೀರಿ ಅಷ್ಟೆ. ಆದರೆ ಪಯಣ ಇಲ್ಲಿಗೇ ಮುಗಿಯುವುದಿಲ್ಲವಲ್ಲ. ಬೇಸಿಗೆಯಲ್ಲಿ ಅದೇ ಹಡಗು ಜಮೈಕಾಕ್ಕೋ ಕೋಝುಮೆಲ್‌ಗೋ ಹೋದರೆ ಲೆಕ್ಕ ಉಲ್ಟಾ: ಫೋನಿನಲ್ಲಿ ನಾಲ್ಕು ಗಂಟೆ, ಹಡಗಿನಲ್ಲಿ ಐದು. ಬಂದರಿನಲ್ಲಿ ಏದುಸಿರು ಬಿಡುತ್ತಾ ಓಡಿ ಬರುವವರಲ್ಲಿ ಹಲವರು ಈ ಒಂದು ಗಂಟೆ ತಪ್ಪಿದವರೇ.

ಪರಿಹಾರ ಸುಲಭ. ಮುಳ್ಳಿನ ಕೈಗಡಿಯಾರವೊಂದನ್ನು ಹಡಗಿನ ಸಮಯಕ್ಕೆ ಹೊಂದಿಸಿ ಕಟ್ಟಿಕೊಳ್ಳಿ. ಇಳಿಯುವಾಗ ಗ್ಯಾಂಗ್‌ವೇ (ಹಡಗು ಹತ್ತಿಳಿಯುವ ಹಲಗೆದಾರಿ) ಹತ್ತಿರದ ಬೋರ್ಡಿನಲ್ಲಿ ಬರೆದ ‘ಆಲ್ ಅಬೋರ್ಡ್’, ಅಂದರೆ ಎಲ್ಲರೂ ಹಡಗು ಹತ್ತಿರಬೇಕಾದ ಸಮಯದ ಫೋಟೊ ತೆಗೆದುಕೊಳ್ಳಿ. ಅದು ಹಡಗು ಬಿಡುವುದಕ್ಕಿಂತ ಅರ್ಧ ಗಂಟೆ, ಕೆಲವು ಹಡಗುಗಳಲ್ಲಿ ಒಂದು ಗಂಟೆ ಮುಂಚಿನದು.

ಹಡಗಿನವರ ಟೂರ್ ತಗೊಳ್ಳುವುದೋ, ನಾವೇ ಹೊರಡುವುದೋ?

ಹಡಗಿನವರ ಶೋರ್ ಎಕ್ಸ್‌ಕರ್ಷನ್ ದುಬಾರಿ, ಗುಂಪು ದೊಡ್ಡದು, ಎಲ್ಲರೂ ಬಸ್ ಹತ್ತುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಆದರೆ ನೀವು ಕೊಟ್ಟ ಹೆಚ್ಚಿನ ದುಡ್ಡಿಗೆ ಒಂದು ಭರವಸೆ ಸಿಗುತ್ತದೆ: ಆ ಟೂರ್ ತಡವಾದರೆ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ಹಡಗು ಬಾರ್ಬಡೋಸ್‌ಗೆ ಬರಲೇ ಇಲ್ಲವೆಂದರೂ ದುಡ್ಡು ವಾಪಸ್.

ನಮ್ಮ ಅಭಿಪ್ರಾಯ ಇಷ್ಟು: ಊರು, ಕಾರ್ಲೈಲ್ ಬೇ ಕಡಲತೀರ, ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಅಂಗಳ ಇಷ್ಟಕ್ಕೇ ಆದರೆ ಟೂರ್ ಬೇಡ. ಎಲ್ಲವೂ ಬಂದರಿನಿಂದ ಮೂರು ಕಿಲೋಮೀಟರಿನೊಳಗಿವೆ. ಪೂರ್ವ ಕರಾವಳಿಗೋ ಉತ್ತರದ ತುದಿಗೋ ಹೋಗುವುದಾದರೆ, ಅದರಲ್ಲೂ ಮೊದಲ ಸಲ ಬಂದವರು, ಹಡಗಿನ ಟೂರ್ ಹಿಡಿಯುವುದು ಕ್ಷೇಮ.

‘ಇಪ್ಪತ್ತು ಡಾಲರ್’ ಅಂದರೆ ಎಷ್ಟು?

ಈ ಬಂದರಿನಲ್ಲಿ ಅತಿ ಹೆಚ್ಚು ಜಗಳ ತಂದಿಡುವ ಪ್ರಶ್ನೆ ಇದೇ. 1975ರಿಂದಲೂ ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್ ಎಂಬ ದರ ಕಟ್ಟಿಟ್ಟಿದ್ದಾರೆ. ಅಂಗಡಿ, ಟ್ಯಾಕ್ಸಿ, ಬೀಚ್ ಎಲ್ಲ ಕಡೆ ಎರಡೂ ನಡೆಯುತ್ತವೆ, ಎರಡನ್ನೂ ‘ಡಾಲರ್’ ಎಂದೇ ಕರೆಯುತ್ತಾರೆ. ಹಾಗಾಗಿ ಬೆಲೆ ಕೇಳಿದಾಗ ಯಾವ ಡಾಲರ್ ಎಂದು ಮೊದಲು ಕೇಳಿ. ಅಮೆರಿಕನ್ ನೋಟು ಕೊಟ್ಟರೂ ಚಿಲ್ಲರೆ ಬರುವುದು ಸ್ಥಳೀಯ ಹಣದಲ್ಲಿ. 100ರ ನೋಟು ಮುರಿಸಲು ಹೋಗಬೇಡಿ. 1, 5, 10, 20ರ ನೋಟುಗಳನ್ನೇ ತನ್ನಿ. ಎಟಿಎಂನಲ್ಲಿ ಬರುವುದು ಬಾರ್ಬಡೋಸ್ ಡಾಲರ್.

ರೆಸ್ಟೋರೆಂಟ್ ಬಿಲ್ಲಿನಲ್ಲಿ 17.5% ವ್ಯಾಟ್ ಇರುತ್ತದೆ. ಹಲವು ಕಡೆ 10% ಸರ್ವಿಸ್ ಚಾರ್ಜ್ ಕೂಡ ಸೇರಿಸಿರುತ್ತಾರೆ. ಅದನ್ನು ನೋಡದೆ ಮತ್ತೆ ಟಿಪ್ಸ್ ಇಡಬೇಡಿ.

ಟ್ಯಾಕ್ಸಿಗೆ ಮೀಟರ್ ಇದೆಯೆ?

ಇಲ್ಲ. ಟರ್ಮಿನಲ್ ಹೊರಗೆ ಟ್ಯಾಕ್ಸಿಗಳನ್ನು ಸಾಲಿನಲ್ಲಿ ಕಳಿಸುವವರು ಇರುತ್ತಾರೆ, ದರಪಟ್ಟಿಯೂ ಇರುತ್ತದೆ. ಅಸಲಿ ಟ್ಯಾಕ್ಸಿಯ ನಂಬರ್ ಪ್ಲೇಟು ‘ಝಡ್’ ಅಕ್ಷರದಿಂದ ಶುರುವಾಗುತ್ತದೆ. ಹತ್ತುವ ಮುಂಚೆ ನಾಲ್ಕು ವಿಷಯ ಬಾಯಿಬಿಟ್ಟು ಕೇಳಿ: ಯಾವ ಡಾಲರ್, ತಲೆಗೋ ಗಾಡಿಗೋ, ಒಂದು ಕಡೆಗೋ ಹೋಗಿಬರುವುದಕ್ಕೋ, ಕಾಯುವುದಕ್ಕೆ ಬೇರೆ ಉಂಟೋ. ನಾಲ್ಕೂ ಇತ್ಯರ್ಥವಾದ ಮೇಲೆ ಬಾಗಿಲು ಹಾಕಿಕೊಳ್ಳಿ. ಹೋಗಿಬರುವುದಕ್ಕೆ ಒಪ್ಪಿದ್ದರೆ ಪೂರ್ತಿ ಹಣವನ್ನು ವಾಪಸು ಬಂದಮೇಲೇ ಕೊಡಿ.

ಬಸ್ಸಿನಲ್ಲಿ ಹೋಗುವುದು ಹೇಗೆ?

ಬಸ್ ಮೂರು ಬಗೆ. ನೀಲಿ ಬಣ್ಣಕ್ಕೆ ಹಳದಿ ಪಟ್ಟೆಯದು ಸರ್ಕಾರಿ ಬಸ್. ಹಳದಿಗೆ ನೀಲಿ ಪಟ್ಟೆಯದು ಖಾಸಗಿ ಮಿನಿಬಸ್. ಬಿಳಿಗೆ ಕೆಂಗಂದು ಪಟ್ಟೆಯದು ‘ಝಡ್‌ಆರ್’ ವ್ಯಾನು: ನಮ್ಮ ಮ್ಯಾಕ್ಸಿಕ್ಯಾಬ್‌ನಂತೆ ತುಂಬಿ ತುಳುಕುತ್ತಾ, ಹಾಡು ಜೋರಾಗಿ ಹಾಕಿಕೊಂಡು ಓಡುತ್ತದೆ. ಮೂರರಲ್ಲೂ ದೂರ ಎಷ್ಟಾದರೂ ದರ 3.50 ಬಾರ್ಬಡೋಸ್ ಡಾಲರ್. ಸರ್ಕಾರಿ ಬಸ್ಸಿನಲ್ಲಿ ಚಿಲ್ಲರೆ ಕೊಡುವುದಿಲ್ಲ, ಅಮೆರಿಕನ್ ಡಾಲರೂ ನಡೆಯುವುದಿಲ್ಲ. ಹಾರುವ ಮೀನಿನ ಚಿತ್ರವಿರುವ, ಏಳು ಮೂಲೆಯ ಒಂದು ಡಾಲರಿನ ನಾಣ್ಯಗಳನ್ನು ಸಿಕ್ಕಾಗೆಲ್ಲ ಕೂಡಿಟ್ಟುಕೊಳ್ಳಿ. ಖಾಸಗಿಯವುಗಳಲ್ಲಿ ಚಿಲ್ಲರೆ ಸಿಗುತ್ತದೆ.

ಪಶ್ಚಿಮದ ಬೀಚುಗಳಿಗೆ ಬಂದರಿನ ಹತ್ತಿರದ ಪ್ರಿನ್ಸೆಸ್ ಆಲಿಸ್ ನಿಲ್ದಾಣದಿಂದ ಸ್ಪೈಟ್ಸ್‌ಟೌನ್ ಕಡೆಯ ಬಸ್ ಹಿಡಿಯಿರಿ. ದಕ್ಷಿಣದ ಓಯಿಸ್ಟಿನ್ಸ್ ಕಡೆಗಾದರೆ ಊರಿನ ಆಚೆ ಬದಿಯ ಫೇರ್‌ಚೈಲ್ಡ್ ಸ್ಟ್ರೀಟ್ ನಿಲ್ದಾಣಕ್ಕೆ ನಡೆಯಬೇಕು. ದಾರಿಯ ಸ್ಟಾಪುಗಳಲ್ಲಿ ಊರಿನ ಹೆಸರಿರುವುದಿಲ್ಲ. ದುಂಡನೆಯ ಫಲಕದಲ್ಲಿ ‘ಟು ಸಿಟಿ’ ಅಥವಾ ‘ಔಟ್ ಆಫ್ ಸಿಟಿ’ ಎಂದಷ್ಟೇ ಇರುತ್ತದೆ. ವಾಪಸಾಗುವಾಗ ‘ಟು ಸಿಟಿ’ ಫಲಕದ ಕೆಳಗೆ ನಿಂತು ಕೈ ಅಡ್ಡ ಹಿಡಿದರೆ ಸಾಕು, ದಾರಿ ತಪ್ಪುವ ಮಾತೇ ಇಲ್ಲ.

ಯಾವ ಬೀಚ್?

ಒಂದೇ ಹಗಲಿದ್ದರೆ ಕಾರ್ಲೈಲ್ ಬೇ. ಬ್ರೌನ್ಸ್ ಬೀಚ್, ಪೆಬಲ್ಸ್ ಬೀಚ್ ಎರಡೂ ಅದೇ ಕೊಲ್ಲಿಯಲ್ಲಿವೆ. ಗಾಳಿ ಪೂರ್ವದಿಂದ ಬೀಸುವುದರಿಂದ ಈ ಬದಿಯ ನೀರು ಕೆರೆಯ ಹಾಗೆ ತಣ್ಣಗೆ ಮಲಗಿರುತ್ತದೆ. ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ನಡೆದರೆ ಚೇಂಬರ್ಲೇನ್ ಸೇತುವೆ ದಾಟಿ ಬೇ ಸ್ಟ್ರೀಟ್ ಹಿಡಿದು ಒಟ್ಟು 40–45 ನಿಮಿಷ.

ಬಾರ್ಬಡೋಸ್‌ನ ಬೀಚುಗಳೆಲ್ಲ ಸಾರ್ವಜನಿಕ. ದುಡ್ಡು ಕೊಡುವುದು ಕುರ್ಚಿ, ಛತ್ರಿ, ಶೌಚಾಲಯ, ಸ್ನಾನದ ನೀರಿಗೆ. ಟವೆಲ್ ಹಾಸಿ ಕೂರುವವರನ್ನು ಯಾರೂ ಏಳಿಸುವಂತಿಲ್ಲ.

ಈಜು ಬಾರದವರು ಆಮೆ ನೋಡಬಹುದೆ?

ನೋಡಬಹುದು, ಸಿಬ್ಬಂದಿಗೆ ಮೊದಲೇ ಹೇಳಿದರೆ. ಕ್ಯಾಟಮರಾನ್ ದೋಣಿಗಳು ಮೂರು ಗಂಟೆಯ ಸುತ್ತಿನಲ್ಲಿ ಆಮೆ ಇರುವ ಜಾಗಕ್ಕೂ ಕಾರ್ಲೈಲ್ ಬೇಯಲ್ಲಿ ಮುಳುಗಿರುವ ಹಳೆಯ ಹಡಗುಗಳ ಮೇಲಕ್ಕೂ ಕರೆದೊಯ್ಯುತ್ತವೆ. ‘ಬರ್ವಿನ್’ ಎಂಬ ಟಗ್ ದೋಣಿ 1919ರಿಂದ ಅಲ್ಲೇ ಇದೆ, ಮೇಲೆ ತೇಲುತ್ತಲೇ ಕಾಣುವಷ್ಟು ಕಡಿಮೆ ಆಳದಲ್ಲಿ. ಲೈಫ್ ಜಾಕೆಟ್ ಹಾಕಿ, ಗಾಳಿ ತುಂಬಿದ ಬಳೆ ಹಿಡಿದು, ಮುಖ ಮಾತ್ರ ನೀರಿಗಿಟ್ಟರೆ ಸಾಕು. ಕಾಲು ಬಡಿಯುವುದನ್ನು ನಿಲ್ಲಿಸಿ ಸುಮ್ಮನೆ ತೇಲಿದರೆ ಹಸಿರಾಮೆ ಕೆಳಗಿನಿಂದ ನಿಧಾನಕ್ಕೆ ಎದ್ದು, ಮೂಗು ಮೇಲಿಟ್ಟು ಒಂದು ಉಸಿರೆಳೆದು, ಮತ್ತೆ ಇಳಿದುಹೋಗುತ್ತದೆ. ಮುಟ್ಟಬೇಡಿ.

ಹೆಚ್ಚಿನವರಿಗೆ ಕೈಕೊಡುವುದು ನೀರಿನಲ್ಲಿ ನೋಡಲು ಕಣ್ಣು-ಮೂಗಿಗೆ ಹಾಕುವ ಮಾಸ್ಕ್. ಒಳಗೆ ನೀರು ಬರಲು ಕಾರಣ ಮೂರು: ಅಂಚಿಗೆ ಸಿಕ್ಕ ಕೂದಲು, ಅತಿಯಾಗಿ ಬಿಗಿದ ಪಟ್ಟಿ, ಮೀಸೆ. ಪಟ್ಟಿ ಬಿಗಿದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ರಬ್ಬರ್ ಅಂಚು ಮಡಚಿ ಸಂದಿ ಬಿಡುತ್ತದೆ. ಪೊದೆ ಮೀಸೆಯ ಮಾವಂದಿರು ಮೇಲ್ದುಟಿಯ ಮೇಲೆ ವ್ಯಾಸಲಿನ್ ಸವರಿಕೊಂಡರೆ ಮೀಸೆಯೂ ಉಳಿಯುತ್ತದೆ, ಮಾಸ್ಕೂ ಕೂರುತ್ತದೆ. ಗಾಜು ಮಂಜಾಗದಿರಲು ಒಳಬದಿಗೆ ಎರಡು ಹನಿ ಬೇಬಿ ಶಾಂಪೂ ಉಜ್ಜಿ ತೊಳೆಯಿರಿ. ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ. ಪವರ್ ಜಾಸ್ತಿ ಇದ್ದವರು ಪವರ್ ಮಾಸ್ಕನ್ನು ಮನೆಯಿಂದಲೇ ತರಬೇಕು. ಚೂಡಿದಾರ್, ದುಪಟ್ಟಾ ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತವೆ. ತುಂಬುತೋಳಿನ ಈಜುಡುಗೆ, ಲೆಗ್ಗಿಂಗ್ಸ್ ಸರಿ; ಬೆನ್ನು ಸುಡುವುದೂ ತಪ್ಪುತ್ತದೆ.

ದ್ವೀಪ ಪೂರ್ತಿ ಸುತ್ತಬಹುದೆ?

34 ಕಿಲೋಮೀಟರ್ ಉದ್ದ, 23 ಕಿಲೋಮೀಟರ್ ಅಗಲದ ದ್ವೀಪ ನಕ್ಷೆಯಲ್ಲಿ ಅಂಗೈಯಷ್ಟು ಕಾಣುತ್ತದೆ. ರಸ್ತೆಗಳು ಮಾತ್ರ ಕಿರಿದು, ತಿರುವು ಹೆಚ್ಚು, ಎಷ್ಟೋ ಕಡೆ ಎರಡೂ ಬದಿಗೆ ಎದೆಮಟ್ಟದ ಕಬ್ಬು. ಪೂರ್ತಿ ಸುತ್ತುವ ಆಸೆ ಬಿಟ್ಟು ಒಂದು ದಿಕ್ಕು ಆರಿಸಿಕೊಳ್ಳಿ.

ನಮ್ಮ ಮತ ಪೂರ್ವಕ್ಕೆ. ಗನ್ ಹಿಲ್ ಕಾವಲುಗೋಪುರ, ಸೇಂಟ್ ಜಾನ್ ಚರ್ಚ್, ಬಾತ್‌ಶೀಬಾ ಇವಿಷ್ಟಕ್ಕೆ ಟ್ಯಾಕ್ಸಿಯಲ್ಲಿ ನಾಲ್ಕೈದು ಗಂಟೆ. ಬಾತ್‌ಶೀಬಾದಲ್ಲಿ ಅಟ್ಲಾಂಟಿಕ್ ಅಲೆಗಳು ಬುಡ ಕೊರೆದ ಬಂಡೆಗಳು ನಾಯಿಕೊಡೆಯ ಹಾಗೆ ನೀರಿನಲ್ಲಿ ನಿಂತಿವೆ. ನೋಡಲು ಚೆಂದ, ಈಜಲು ಅಲ್ಲ, ಸೆಳೆತ ಜೋರು. ಅಲ್ಲಿಂದ ಬಂದರಿಗೆ ಒಂದು ಗಂಟೆ ಇಟ್ಟುಕೊಳ್ಳಿ. ಸಂಜೆ ನಾಲ್ಕರಿಂದ ಎಬಿಸಿ ಹೆದ್ದಾರಿಯ ವೃತ್ತಗಳು ಕಟ್ಟಿಕೊಳ್ಳುತ್ತವೆ. ನಾಲ್ಕೂವರೆಗೆ ಆಲ್ ಅಬೋರ್ಡ್ ಇದ್ದರೆ ಎರಡಕ್ಕೆ ಗಾಡಿ ತಿರುಗಿಸಿ.

ಹ್ಯಾರಿಸನ್ಸ್ ಕೇವ್ ಬೇರೆಯದೇ ಅನುಭವ. ಹವಳದ ಸುಣ್ಣಕಲ್ಲಿನ ಗುಹೆಯೊಳಗೆ ಟ್ರಾಮಿನಲ್ಲಿ ಕೂರಿಸಿ ಕರೆದೊಯ್ಯುತ್ತಾರೆ. ಗುಹೆ ತಂಪೆಂದುಕೊಂಡು ಸ್ವೆಟರ್ ಒಯ್ಯಬೇಡಿ, ಒಳಗೆ ಸೆಕೆ. ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಇರಲಿ. ಎರಡು ಮೂರು ಹಡಗು ನಿಂತ ದಿನ ಮುಂಗಡ ಬುಕಿಂಗ್ ಇಲ್ಲದೆ ಹೋಗುವುದು ದಂಡ.

ಕೆನ್ಸಿಂಗ್ಟನ್ ಓವಲ್ ಎಷ್ಟು ದೂರ?

ಬಂದರಿನಿಂದ 15–20 ನಿಮಿಷದ ನಡಿಗೆ. 2024ರ ಜೂನ್ 29ರಂದು ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್ನುಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದದ್ದು ಇಲ್ಲೇ. ಕೋಚ್ ಆಗಿದ್ದ ರಾಹುಲ್ ದ್ರಾವಿಡ್ ಕಪ್ ಹಿಡಿದು ಕೂಗಿದ್ದನ್ನು ಕನ್ನಡಿಗರು ಮರೆತಿಲ್ಲ. ಅದೇ ದ್ರಾವಿಡ್ ಆಟಗಾರನಾಗಿದ್ದ 1997ರಲ್ಲಿ, ಇದೇ ಅಂಗಳದಲ್ಲಿ 120 ರನ್ ಬೆನ್ನಟ್ಟಿದ ಭಾರತ 81ಕ್ಕೆ ಉರುಳಿತ್ತು. ಇನ್ನೂ ಹಿಂದೆ, 1962ರಲ್ಲಿ ನಾಯಕ ನಾರಿ ಕಂಟ್ರಾಕ್ಟರ್ ತಲೆಗೆ ಚಾರ್ಲಿ ಗ್ರಿಫಿತ್ ಚೆಂಡು ಬಡಿದು ಪ್ರಾಣಕ್ಕೇ ಬಂದಾಗ ವೆಸ್ಟ್ ಇಂಡೀಸ್ ನಾಯಕ ಫ್ರ್ಯಾಂಕ್ ವೊರೆಲ್ ರಕ್ತ ಕೊಟ್ಟದ್ದೂ ಈ ಊರಿನ ಕಥೆ. ಹೊರಗೆ ಗ್ಯಾರಿ ಸೋಬರ್ಸ್ ಪ್ರತಿಮೆ ಇದೆ. ಪಂದ್ಯವಿಲ್ಲದ ದಿನ ಗೇಟಿನವರನ್ನು ಮರ್ಯಾದೆಯಿಂದ ‘ಗುಡ್ ಮಾರ್ನಿಂಗ್’ ಅಂದು ಕೇಳಿನೋಡಿ. ಈ ದ್ವೀಪದಲ್ಲಿ ನಮಸ್ಕಾರ ಹೇಳದೆ ನೇರ ಪ್ರಶ್ನೆಗೆ ಇಳಿಯುವುದು ಒರಟುತನ, ಅಂಗಡಿಯಲ್ಲೂ ಬಸ್ಸಿನಲ್ಲೂ.

ಊರಿನೊಳಗೆ ಏನಿದೆ?

ಬ್ರಿಡ್ಜ್‌ಟೌನ್ ಮತ್ತು ಅದರ ಗ್ಯಾರಿಸನ್ (ಹಳೆಯ ಬ್ರಿಟಿಷ್ ಸೈನ್ಯದ ಠಾಣೆ) 2011ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಸಂಸತ್ ಭವನ, ಅದರೆದುರು ನ್ಯಾಷನಲ್ ಹೀರೋಸ್ ಸ್ಕ್ವೇರ್. 1813ರಿಂದ ಅಲ್ಲಿ ನಿಂತಿದ್ದ ನೆಲ್ಸನ್ ಪ್ರತಿಮೆಯನ್ನು 2020ರ ನವೆಂಬರಿನಲ್ಲಿ ಇಳಿಸಿದರು. ಮರುವರ್ಷ ನವೆಂಬರ್ 30ರಂದು ಬ್ರಿಟನ್ನಿನ ರಾಣಿಯನ್ನು ಬಿಟ್ಟು ದೇಶ ಗಣರಾಜ್ಯವಾಯಿತು. ನಡೆದು ಐದು ನಿಮಿಷಕ್ಕೆ, 1654ರಲ್ಲಿ ಶುರುವಾಗಿ 1831ರ ಚಂಡಮಾರುತದ ನಂತರ ಮತ್ತೆ ಕಟ್ಟಿದ ಯೆಹೂದಿ ಪ್ರಾರ್ಥನಾಮಂದಿರ ನಿಧೇ ಇಸ್ರಾಯೆಲ್. ಎಲ್ಲ ಸೇರಿ ಎರಡು ಗಂಟೆ. ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ.

ಸಸ್ಯಾಹಾರಿಗಳಿಗೆ ಊಟ?

ರೋಟಿ ಇದೆ! ನಮ್ಮ ರೊಟ್ಟಿಯಲ್ಲ, ಪಲ್ಯದಂಥ ಕರ್ರಿಯನ್ನು ದೊಡ್ಡ ಚಪಾತಿಯಲ್ಲಿ ಮಡಚಿಟ್ಟ ಪೊಟ್ಟಣ. ಟ್ರಿನಿಡಾಡ್ ಮತ್ತು ಗಯಾನಾ ಕಡೆಯ ಭಾರತೀಯರಿಂದ ಬಂದದ್ದು. ಆಲೂಗಡ್ಡೆಯದು ಕೇಳಿ ಪಡೆಯಿರಿ. ಮ್ಯಾಕರೋನಿ ಪೈ ಎಲ್ಲೆಡೆ ಸಿಗುತ್ತದೆ, ಮೊಟ್ಟೆ ಹಾಕಿರಬಹುದು. ಮೆಕ್ಕೆಜೋಳದ ಹಿಟ್ಟು, ಬೆಂಡೆಕಾಯಿ ಹಾಕಿ ತೊಳಸಿದ ‘ಕೂಕೂ’ ನೋಡಲು ಮುದ್ದೆಯ ತಮ್ಮ. ಮೇಲೆ ಸುರಿಯುವ ಮೀನಿನ ಗೊಜ್ಜು ಬೇಡವೆನ್ನಿ.

ಮೋಸವಾಗುವುದು ‘ರೈಸ್ ಅಂಡ್ ಪೀಸ್’ನಲ್ಲಿ. ಅನ್ನ, ಕಾಳು ಅಷ್ಟೇ ಎಂದು ಕಾಣುತ್ತದೆ. ಬೇಯಿಸುವಾಗ ಉಪ್ಪು ಹಾಕಿಟ್ಟ ಹಂದಿಮಾಂಸದ ತುಂಡು ಹಾಕುವ ರೂಢಿ ಇದೆ. ‘ವೆಜಿಟೇರಿಯನ್’ ಎಂದಷ್ಟೇ ಹೇಳದೆ, ಸಾಲ್ಟ್ ಮೀಟ್ ಹಾಕಿದ್ದೀರಾ ಎಂದು ಕೇಳಿ. ಹಳದಿ ಪೆಪ್ಪರ್ ಸಾಸ್ ಸಾಸಿವೆ ಚಟ್ನಿಯಂತೆ ಕಂಡರೂ ಬ್ಯಾಡಗಿಯವರನ್ನೂ ಅಳಿಸುತ್ತದೆ. ನಲ್ಲಿ ನೀರು ಕುಡಿಯಬಹುದು. ಹಡಗಿನಿಂದ ಹಣ್ಣು, ಬೇಯಿಸಿದ ತಿಂಡಿ ಇಳಿಸಬೇಡಿ. ಸೀಲ್ ಇರುವ ಬಿಸ್ಕತ್ ಪೊಟ್ಟಣಕ್ಕೆ ತಕರಾರಿಲ್ಲ.

ಬಟ್ಟೆಯ ಬಗ್ಗೆ ನಿಯಮ ಉಂಟೆ?

ಮಿಲಿಟರಿ ಬಣ್ಣದ ಬಟ್ಟೆ ಕಾನೂನುಬಾಹಿರ. ಕ್ಯಾಮೊಫ್ಲಾಜ್ ಚಿತ್ತಾರದ ಚಡ್ಡಿ, ಟೋಪಿ, ಬ್ಯಾಗ್ ಯಾವುದೂ ಸಲ್ಲ, ಮಕ್ಕಳಿಗೂ ಸಲ್ಲ. ಇಳಿಯುವ ಮುಂಚೆ ಹುಡುಗರ ಚೀಲ ಒಮ್ಮೆ ನೋಡಿ. ಈಜುಡುಗೆ ಬೀಚಿಗಷ್ಟೇ, ಊರಿನೊಳಗೆ ಮೇಲೊಂದು ಅಂಗಿ ಇರಲಿ.

ಬೀಚಿನ ಕೆಲವು ಮರಗಳಿಗೆ ಕೆಂಪು ಬಳಿದಿರುವುದೇಕೆ?

ಅದು ಮ್ಯಾಂಚಿನೀಲ್. ಕಾಯಿ ಪುಟ್ಟ ಹಸಿರು ಸೇಬಿನಂತಿದ್ದು ಸಿಹಿವಾಸನೆ ಬೀರುತ್ತದೆ, ತಿಂದರೆ ಗಂಟಲು ಸುಟ್ಟು ಊದಿಕೊಳ್ಳುತ್ತದೆ. ಹಾಲು ತಾಗಿದರೆ ಚರ್ಮದಲ್ಲಿ ಬೊಬ್ಬೆ. ಮಳೆ ಬಂತೆಂದು ಅದರಡಿ ನಿಂತರೆ ತೊಟ್ಟಿಕ್ಕುವ ನೀರಿನಲ್ಲೂ ಆ ಹಾಲು ಇಳಿಯುತ್ತದೆ. ಹತ್ತಿರವೇ ಬಿಳಲು ಬಿಟ್ಟ, ನಮ್ಮ ಆಲದ ಬಳಗದ ಮರ ಕಂಡರೆ ಹೆದರಬೇಡಿ. ಆ ಬಿಳಲನ್ನು ಗಡ್ಡವೆಂದುಕೊಂಡೇ ಪೋರ್ಚುಗೀಸರು ದ್ವೀಪಕ್ಕೆ ‘ಗಡ್ಡದವು’ ಎಂಬರ್ಥದ ಹೆಸರಿಟ್ಟರೆಂದು ಹೇಳುತ್ತಾರೆ.

ಬಾಡಿಗೆ ಕಾರು?

ನಮ್ಮಂತೆ ಎಡಗಡೆಯ ಸಂಚಾರ, ಆ ಮಟ್ಟಿಗೆ ಅನುಕೂಲ. ಆದರೆ ಕಾಗದಪತ್ರಕ್ಕೆ ಅರ್ಧ ಗಂಟೆ, ವಾಪಸು ಕೊಡಲು ಇನ್ನರ್ಧ. ಒಂದು ಹಗಲಿಗೆ ಲಾಭವಿಲ್ಲ.

ಫೋನ್ ಬಿಲ್ ಏಕೆ ಅಷ್ಟು ಬರುತ್ತದೆ?

ದ್ವೀಪದ ರೋಮಿಂಗ್‌ನಿಂದಲ್ಲ, ಹಡಗಿನ ಸ್ವಂತ ಉಪಗ್ರಹ ನೆಟ್‌ವರ್ಕಿನಿಂದ. ನಿಮ್ಮ ಪ್ಯಾಕ್ ಅದಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಗ್ಯಾಂಗ್‌ವೇ ಹತ್ತುವಾಗಲೇ ಏರ್‌ಪ್ಲೇನ್ ಮೋಡ್ ಹಾಕಿ.

ಹಡಗು ಹೊರಟೇ ಹೋದರೆ?

ಬಂದರಿನಲ್ಲಿ ಹಡಗಿನ ಕಂಪನಿಯ ಪೋರ್ಟ್ ಏಜೆಂಟ್ ಇರುತ್ತಾರೆ. ಅವರ ನಂಬರು ಹಡಗಿನಲ್ಲಿ ದಿನವೂ ಕೊಡುವ ಹಾಳೆಯಲ್ಲೋ ಆ್ಯಪಿನಲ್ಲೋ ಇರುತ್ತದೆ, ಇಳಿಯುವ ಮುಂಚೆ ಬರೆದುಕೊಳ್ಳಿ. ಬರುವುದಿಲ್ಲವೆಂದು ಖಚಿತವಾದರೆ ಸಿಬ್ಬಂದಿ ನಿಮ್ಮ ಕೋಣೆಯ ಸೇಫ್ ತೆಗೆದು ಪಾಸ್‌ಪೋರ್ಟನ್ನು ಏಜೆಂಟರ ಕೈಗೆ ಕೊಟ್ಟು ಹೋಗುವುದು ವಾಡಿಕೆ. ಮುಂದಿನ ಬಂದರಿಗೆ ವಿಮಾನ, ಹೋಟೆಲ್ ಖರ್ಚು ನಿಮ್ಮದೇ. ಭಾರತದ ಪಾಸ್‌ಪೋರ್ಟಿನವರಿಗೆ ಇನ್ನೊಂದು ಗಂಟು: ಹಡಗಿನಲ್ಲಿ ಬಂದವರಿಗೆ ವೀಸಾ ಕೇಳದ ದ್ವೀಪ ವಿಮಾನದಲ್ಲಿ ಬಂದವರಿಗೆ ಕೇಳಬಹುದು. ಆದ್ದರಿಂದ ಜೇಬಿನಲ್ಲಿ ಹಡಗಿನ ಕಾರ್ಡು, ಫೋಟೊ ಇರುವ ಗುರುತಿನ ಚೀಟಿ, ಪಾಸ್‌ಪೋರ್ಟ್ ಹಾಗೂ ವೀಸಾ ಪುಟಗಳ ಜೆರಾಕ್ಸ್, ಒಂದು ಕ್ರೆಡಿಟ್ ಕಾರ್ಡು, ಎರಡು ದಿನದ ಬಿಪಿ-ಶುಗರ್ ಮಾತ್ರೆ ಇರಲಿ. ತುರ್ತಿಗೆ ಪೊಲೀಸ್ 211, ಆಂಬುಲೆನ್ಸ್ 511.

ರಮ್ ಬಾಟಲಿ ತಂದರೆ ಹಡಗಿನಲ್ಲಿ ಕಿತ್ತುಕೊಳ್ಳುತ್ತಾರೆಯೆ?

ಕಿತ್ತುಕೊಳ್ಳುವುದಿಲ್ಲ, ಚೀಟಿ ಕೊಟ್ಟು ಇಟ್ಟುಕೊಳ್ಳುತ್ತಾರೆ. ಕೊನೆಯ ರಾತ್ರಿಯೋ ಇಳಿಯುವ ಬೆಳಿಗ್ಗೆಯೋ ವಾಪಸು. 1703ರ ದಾಖಲೆಯಿರುವ ಮೌಂಟ್ ಗೇ ಕಂಪನಿಯ ವಿಸಿಟರ್ ಸೆಂಟರ್ ಬಂದರಿಗೆ ಹತ್ತಿರವೇ. ಹಡಗಿಳಿದು ನೇರ ವಿಮಾನ ಹತ್ತುವವರು ಬಾಟಲಿಯನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ, ಬಟ್ಟೆ ಸುತ್ತಿ ಇಡಿ. ಕೈಚೀಲದಲ್ಲಿಟ್ಟರೆ ವಿಮಾನನಿಲ್ದಾಣದ ತಪಾಸಣೆಯಲ್ಲಿ ಬಿಟ್ಟುಬರಬೇಕಾಗುತ್ತದೆ.